ಆಟದ ಗಾಡಿಗೆ ಕೊಬ್ಬರಿ ಎಣ್ಣೆ

ಸಂಕ್ರಾಂತಿ ಕಳೆದ ಮುಂದಿನ ವಾರ, ಒಂದು ಗುರುವಾರ ಬೆಳಿಗ್ಗೆ, ನಮ್ಮ ಮನೆಯ ಜಗಲಿಯ ಮೇಲೆ ಒಂದು ಸ್ಟೀಲ್ ತಟ್ಟೆ ಬಿಸಿಲು ಕಾಯಿಸುತ್ತಿತ್ತು. ತಟ್ಟೆಯಲ್ಲಿ ನಾನು ತಲೆಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯ ಸೀಸೆ, ಅದರ ಪಕ್ಕದಲ್ಲಿ ಬೆರಳುದ್ದದ ನಾಲ್ಕು ಶಾಕ್ ಅಬ್ಸಾರ್ಬರ್. ಚಳಿಗೆ ಐದೂ ಹೆಪ್ಪುಗಟ್ಟಿದ್ದವು. ಅವುಗಳ ಜೊತೆಯಲ್ಲಿ ತಾವೂ ಮಂಕಿ ಕ್ಯಾಪು ಹಾಕಿಕೊಂಡು ಬಿಸಿಲಿಗೆ ಕುಳಿತಿದ್ದವರು ನಮ್ಮ ಯಜಮಾನರು, ಗಂಗಾಧರಪ್ಪ. ವಯಸ್ಸು ಐವತ್ತೆಂಟು.

“ನನ್ನೆಣ್ಣೆ ಕರಗ್ತೇನ್ರೀ?” ಎಂದು ಒಳಗಿನಿಂದ ಕೇಳಿದೆ.

“ನಿಂದು ಕರಗ್ತು. ಗಾಡೀದು ಇನ್ನೂ ಇಲ್ಲ.”

“ಗಾಡಿಗೇನು ಜಡೆ ಹಾಕ್ಬೇಕಾ? ನಿಧಾನಕ್ಕೆ ಕರಗ್ಲಿ ಬುಡಿ.”

ಗಾಡಿ ಅಂದರೆ ರಿಮೋಟಿನಲ್ಲಿ ಓಡುವ ಕರೆಂಟಿನ ಗಾಡಿ. ಬಗ್ಗಿ ಎನ್ನುತ್ತಾರಂತೆ. ಎರಡು ಗೇಣು ಉದ್ದ, ಮುಳ್ಳುಮುಳ್ಳಾದ ನಾಲ್ಕು ಚಕ್ರ, ಹೊಟ್ಟೆಯಲ್ಲಿ ಬ್ಯಾಟರಿ. ಒಂದೊಂದು ಚಕ್ರಕ್ಕೂ ಒಂದೊಂದು ಸ್ಪ್ರಿಂಗು, ಸ್ಪ್ರಿಂಗಿನ ಒಳಗೆ ಎಣ್ಣೆ ತುಂಬಿದ ಕೊಳವೆ. ಅದೇ ಶಾಕ್. ಗಾಡಿ ಹಾರಿ ಬಿದ್ದಾಗ ಆ ಏಟನ್ನು ಈ ಎಣ್ಣೆ ನುಂಗಬೇಕು.

ಎಂಟೂವರೆಯ ಹೊತ್ತಿಗೆ ಎಣ್ಣೆ ಕರಗಿತು. ಶಾಕುಗಳನ್ನು ಗಾಡಿಗೆ ಹಾಕಿದರು. ಮನೆಗೂ ತೋಟಕ್ಕೂ ನಡುವಿನ ಬಯಲಿನಲ್ಲಿ ಕಾಯಿಸಿಪ್ಪೆಯ ಗುಡ್ಡೆಗೆ ಹಲಗೆ ಒರಗಿಸಿದ ಒಂದು ದಿಬ್ಬವಿತ್ತು. ಗಾಡಿ ಅದನ್ನು ಹತ್ತಿ ಹಾರಬೇಕು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ನಾನು ಅದು ಹೇಗೆ ಇಳಿಯಿತೆಂದು ನೋಡಿ ಹೇಳಬೇಕು. ಒಲೆಯ ಮೇಲೆ ಹಾಲಿತ್ತು. ಗಾಡಿ ಹಲಗೆ ಹತ್ತಿದ ಗಳಿಗೆಯಲ್ಲೇ ನನಗೆ ಹಾಲು ನೆನಪಾಗಿ ಅಡುಗೆಮನೆಯ ಕಡೆ ತಿರುಗಿದೆ. ಹಿಂದೆ ದಪ್ ಎಂದು ಸದ್ದಾಯಿತು. ಮತ್ತೆ ಈಚೆ ತಿರುಗಿದಾಗ ಕಂಡದ್ದು ಧೂಳು.

“ಹೆಂಗಿಳೀತೇ?”

“ಮೂಗು ಮೊದ್ಲು.”

“ದಿಟವಾಗ್ಲೂ?”

“ದಿಟ ಕಣ್ರೀ.”

ಅವರು ಹೂಂ ಎಂದು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೋಗಿ ಹಾಲು ಉಳಿಸಿಕೊಂಡೆ. ಸಂಜೆ ಫೋನಿನಲ್ಲಿ ಏನೋ ಒತ್ತುತ್ತ, ಶಾಕಿಗೆ ಎರಡು ಸೀಸೆ ಬೇರೆ ಎಣ್ಣೆ ತರಿಸುತ್ತಿದ್ದೇನೆ, ಹಿಂದಕ್ಕೆ ಗಟ್ಟಿಯದು, ಮುಂದಕ್ಕೆ ತೆಳುವಿನದು ಎಂದರು. ಮಾರನೆಯ ಬೆಳಿಗ್ಗೆ ತೋಟಕ್ಕೆ ನೀರು ತಿರುಗಿಸಲು ಹೋದರು. ತಿಂಡಿಯ ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದರೆ ಒಂದು ಮರಕ್ಕೆ ಒರಗಿ ಕುಳಿತಿದ್ದರು. ನೀರು ಹರಿಯುತ್ತಲೇ ಇತ್ತು. ಹೃದಯ ನಿಂತಿದೆ ಎಂದು ಆಮೇಲೆ ಡಾಕ್ಟರು ಹೇಳಿದರು.

ಗಾಡಿ ಹೇಗೆ ಇಳಿಯಿತೆಂದು ನಾನು ನೋಡಿರಲಿಲ್ಲ. ನಾನು ಅವರಿಗೆ ಹೇಳಿದ ಕೊನೆಯ ಮುಖ್ಯವಾದ ಮಾತು ಒಂದು ಸುಳ್ಳು, ಅದನ್ನು ನಂಬಿ ಅವರು ಎಣ್ಣೆ ತರಿಸಿದರು ಎನ್ನುವುದು ಆಮೇಲೆ ನನ್ನನ್ನು ಬಹಳ ದಿನ ಕಾಡಿತು. ನಗಬೇಡಿ. ದುಃಖ ಎಂಬುದು ದೊಡ್ಡ ಬಾಗಿಲಿನಿಂದ ಬರುತ್ತದೆ ಎಂದು ನಾನೂ ತಿಳಿದಿದ್ದೆ. ನಮ್ಮ ಮನೆಗೆ ಅದು ಹಾಲಿನ ಪಾತ್ರೆಯ ಕಡೆಯಿಂದ ಬಂತು.

ಈ ಗಾಡಿ ನಮ್ಮ ಮನೆಗೆ ಬಂದದ್ದೇ ಒಂದು ಸುಳ್ಳಿನಿಂದ, ಅದನ್ನೂ ಹೇಳಿಬಿಡುತ್ತೇನೆ. ಆಗ ಲೆಕ್ಕ ಸರಿಹೋಗುತ್ತದೆ. ಎರಡು ವರ್ಷದ ಹಿಂದೆ ಯಾರದೋ ಮದುವೆಗೆಂದು ಬೆಂಗಳೂರಿಗೆ ಹೋದವರು ಒಂದು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಬಂದರು. ಏನ್ರೀ ಇದು ಎಂದರೆ, “ಕೋತಿ ಓಡಿಸೋ ಮಿಷಿನ್ನು” ಎಂದರು. ನಮ್ಮ ತೋಟದಲ್ಲಿ ಎಳನೀರನ್ನು ನಮಗಿಂತ ಮೊದಲು ಕೋತಿಗಳು ಕುಡಿಯುತ್ತವೆ, ಆದ್ದರಿಂದ ನಾನು ನಂಬಿದೆ. ಮೊದಲ ದಿನ ಗಾಡಿ ಬಿಟ್ಟಾಗ ಏಳೆಂಟು ಕೋತಿಗಳು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತವು. ಓಡುವುದಕ್ಕಲ್ಲ, ನೋಡುವುದಕ್ಕೆ. ಒಂದು ತಾಯಿಕೋತಿ ಮರಿಯನ್ನು ಎತ್ತಿ ಮುಂದೆ ಕೂರಿಸಿಕೊಂಡಿತು. ಮಾರನೆಯ ದಿನ ಅವೇ ಮೊದಲು ಬಂದು ಕಾದಿದ್ದವು.

“ಏನ್ರೀ, ಕೋತಿ ಓಡಿಸ್ತೀನಿ ಅಂದ್ರಿ?”

“ಅಭ್ಯಾಸ ಆಗ್ಲಿ ತಡಿಯೇ.”

“ಯಾರಿಗೆ, ಅವುಕ್ಕಾ ನಿಮಗಾ?”

ಅವರು ಗಾಡಿಯನ್ನು ಇನ್ನೊಂದು ಸುತ್ತು ಬಿಟ್ಟರು. ಬೆಂಗಳೂರಿನಲ್ಲಿ ಮದುವೆ ಛತ್ರದ ಹಿಂದಿನ ಮೈದಾನದಲ್ಲಿ ತಮ್ಮ ವಯಸ್ಸಿನ ಗಂಡಸರು ಇಂಥ ಗಾಡಿ ಹಾರಿಸುತ್ತಿದ್ದರೆಂದೂ, ತಾವು ಮುಹೂರ್ತವನ್ನು ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದುದಾಗಿಯೂ ಆರು ತಿಂಗಳು ಕಳೆದ ಮೇಲೆ ಬಾಯಿಬಿಟ್ಟರು. ಅಲ್ಲಿ ಒಬ್ಬನ ಗಾಡಿ ಎದೆಮಟ್ಟ ಹಾರಿ ನಾಲ್ಕು ಚಕ್ರವನ್ನೂ ಒಟ್ಟಿಗೆ ನೆಲಕ್ಕಿಟ್ಟು, ಒಂದೇ ಸಲ ಕುಗ್ಗಿ, ಎದ್ದು, ಏನೂ ಆಗದ ಹಾಗೆ ಓಡಿಹೋಯಿತಂತೆ. “ಅಂಗಿಳೀಬೇಕು ಕಣೇ” ಎನ್ನುವಾಗ ಅವರ ಮುಖ ನೋಡಬೇಕಿತ್ತು. ನಮ್ಮ ಮಗಳು ಹುಟ್ಟಿದ ದಿನವೂ ಆ ಮುಖ ಇರಲಿಲ್ಲ ಎಂದು ನಾನು ಹೇಳಿದೆ. “ಅವತ್ತು ನಿದ್ದೆ ಇರಲಿಲ್ಲ” ಎಂದರು.

ನನಗೆ ಈ ಗಾಡಿಯ ವಿಷಯದಲ್ಲಿ ಯಾವ ವಿದ್ಯೆಯೂ ಇರಲಿಲ್ಲ. ನಾನು ಕಂದಿಕೆರೆಯಲ್ಲಿ ಹುಟ್ಟಿ, ಚಿಕ್ಕನಾಯಕನಹಳ್ಳಿಯಲ್ಲಿ ಪಿಯುಸಿವರೆಗೆ ಓದಿದವಳು. ಚಿಕ್ಕಂದಿನಲ್ಲಿ ನಮ್ಮ ಗಾಡಿಯೆಂದರೆ ಮರದಿಂದ ಬಿದ್ದ ತೆಂಗಿನ ಗರಿ. ಬುಡದ ಅಗಲವಾದ ಕಡೆ ಒಬ್ಬರು ಕುಳಿತುಕೊಳ್ಳುವುದು, ತುದಿ ಹಿಡಿದು ಇನ್ನೊಬ್ಬರು ಎಳೆಯುವುದು. ಎಳೆಯುವವನು ನನ್ನ ಅಣ್ಣ. ಅವನು ಕಲ್ಲು ನೋಡಿಕೊಂಡು ಎಳೆಯುತ್ತಿದ್ದ, ತಪ್ಪಿಸಲಿಕ್ಕಲ್ಲ, ಹಾಯಿಸಲಿಕ್ಕೆ. ಆ ಗಾಡಿಗೆ ಸ್ಪ್ರಿಂಗು, ಎಣ್ಣೆ ಎರಡೂ ನಾನೇ. ಮನೆಗೆ ಬಂದ ಮೇಲೆ ಊಟಕ್ಕೆ ಕೂರದೆ ನಿಂತುಕೊಂಡೇ ಉಣ್ಣುತ್ತಿದ್ದರೆ ಅವ್ವ, “ಇವತ್ತೂ ಗರಿ ಹತ್ತಿದ್ಯಾ?” ಎನ್ನುತ್ತಿದ್ದಳು. ಈ ಕಥೆಯನ್ನು ಒಂದು ಸಲ ಯಜಮಾನರಿಗೆ ಹೇಳಿದ್ದೇ ತಪ್ಪಾಯಿತು. “ಹಂಗಾದ್ರೆ ನಿಂಗೆ ಅನುಭವ ಐತೆ” ಎಂದು ನನ್ನನ್ನು ನೋಡುವ ಕೆಲಸಕ್ಕೆ ನೇಮಿಸಿದರು.

ಈ ಕೆಲಸ ನೀವು ತಿಳಿದಷ್ಟು ಹಗುರವಲ್ಲ. ಓಡಿಸುವವರು ದೂರದಲ್ಲಿ ನಿಂತಿರುತ್ತಾರೆ. ಗಾಡಿ ನೆಲ ಮುಟ್ಟುವ ಗಳಿಗೆ ಅವರಿಗೆ ಕಾಣುವುದಿಲ್ಲ, ಅದಕ್ಕೆ ಪಕ್ಕದಲ್ಲಿ ಕಣ್ಣು ಬೇಕು. ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕು. ಮೊದಮೊದಲು ನಾನು “ಚೆನ್ನಾಗಿಳೀತು” ಎಂದರೆ ಸಿಡುಕುತ್ತಿದ್ದರು. “ಚೆನ್ನಾಗಿ ಅಂದ್ರೆ ನಾನೇನ್ ಬರ್ಕೊಳ್ಳಿ? ಸಾರಾ ಇದು?” ಆಮೇಲೆ ನಾನು ನನಗೆ ಗೊತ್ತಿದ್ದ ಭಾಷೆಯಲ್ಲೇ ಹೇಳತೊಡಗಿದೆ. ಮುಂದಿನ ಚಕ್ರ ಮೊದಲು ಮುಟ್ಟಿದರೆ, ಹಸು ಮಲಗಿದಂಗೆ. ಹಿಂದಿನದು ಮೊದಲಾದರೆ, ನಾಯಿ ಕುಂತಂಗೆ. ಹೊಟ್ಟೆ ನೆಲಕ್ಕೆ ಬಡಿದರೆ, ರೊಟ್ಟಿ ತಟ್ಟಿದಂಗೆ. ಅವರು ಅದನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದರು. ಪುಸ್ತಕ ಈಗಲೂ ಇದೆ. ‘ಹಸು. ಹಸು. ರೊಟ್ಟಿ. ನಾಯಿ. ಹಸು. ಕಾಫಿ’ ಎಂದು ಒಂದು ಪುಟ. ಬೇರೆಯವರು ಓದಿದರೆ ಈ ಮನುಷ್ಯ ಹೋಟೆಲ್ ಇಟ್ಟಿದ್ದನೋ ದನ ಕಟ್ಟಿದ್ದನೋ ತಿಳಿಯುವುದಿಲ್ಲ. ನಾಲ್ಕು ಚಕ್ರವೂ ಒಟ್ಟಿಗೆ ಮುಟ್ಟಿದರೆ ‘ಪಲ್ಲಕ್ಕಿ ಇಳಿಸಿದಂಗೆ’ ಎನ್ನಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಆ ಪದ ಪುಸ್ತಕದಲ್ಲಿ ಒಂದು ಸಲವೂ ಇಲ್ಲ.

ಇಲ್ಲದಿರುವುದಕ್ಕೆ ಕಾರಣ ಎಣ್ಣೆ. ಗಾಡಿಯ ಜೊತೆ ಬಂದ ಎಣ್ಣೆ ಮೊದಲ ಬೇಸಿಗೆಯಲ್ಲೇ ಸೋರಿಹೋಯಿತು. ಆಗ ತಿಪಟೂರಿನಲ್ಲಿ ಬೈಕ್ ರಿಪೇರಿ ಮಾಡುವ ಬಾಷಾನ ಹತ್ತಿರ ತೆಗೆದುಕೊಂಡು ಹೋದರು. ಬಾಷಾ ಇವರಿಗೆ ಇಪ್ಪತ್ತು ವರ್ಷದ ಸ್ನೇಹ. ಇವರ ಹಳೆಯ ಬೈಕನ್ನು ಬದುಕಿಸಿಟ್ಟವನು. ಅವನು ಶಾಕನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, “ಅಣ್ಣ, ಇದಕ್ಕೇ ಅಂತ ಬೇರೆ ಎಣ್ಣೆ ಬತ್ತೈತೆ, ತರಿಸ್ಕಳಿ. ಅದು ಬರೋಗಂಟ ಬೈಕಿನ ಫೋರ್ಕಿಗೆ ಹಾಕೋದನ್ನೇ ಎರಡು ತೊಟ್ಟು ಬುಡ್ತೀನಿ” ಎಂದ.

ಇವರು ಎದ್ದು ನಿಂತರಂತೆ. “ನಮ್ಮನೇಲಿ ಎಣ್ಣೆ ಇಟ್ಕಂಡು ಇನ್ನೊಬ್ಬರ ಎಣ್ಣೆ ಕೊಂಡ್ಕಂಬತ್ತೀನಾ? ಜನ ಏನಂತಾರೆ?”

ನಮ್ಮ ಕಡೆಯ ಜನಕ್ಕೆ ಇದು ಅರ್ಥವಾಗುತ್ತದೆ. ತೋಟ ಇರುವ ಮನೆಯವರು ಅಂಗಡಿಯಿಂದ ಎಣ್ಣೆ ಸೀಸೆ ಹಿಡಿದುಕೊಂಡು ಬಂದರೆ ಎದುರು ಸಿಕ್ಕವರು ಸುಮ್ಮನೆ ಬಿಡುವುದಿಲ್ಲ, ಏನು ಮರಗಳಿಗೆ ಹುಷಾರಿಲ್ವಾ ಎಂದು ಕೇಳುತ್ತಾರೆ. ಹೀಗೆ ಗಾಡಿಯ ಶಾಕಿಗೆ ನಮ್ಮದೇ ಕೊಬ್ಬರಿ ಆಡಿಸಿದ ಎಣ್ಣೆ ಬಿತ್ತು. ಏಪ್ರಿಲ್ ಮಧ್ಯಾಹ್ನ ಆ ಎಣ್ಣೆ ನೀರು. ಗಾಡಿ ದಿಬ್ಬದಿಂದ ರೊಟ್ಟಿಯಾಗಿ ಬೀಳುತ್ತಿತ್ತು. ಡಿಸೆಂಬರ್ ಬೆಳಿಗ್ಗೆ ಅದೇ ಎಣ್ಣೆ ಮೇಣ. ಗಾಡಿ ಮರದ ಮಣೆಯ ಹಾಗೆ ಪುಟಿಯುತ್ತಿತ್ತು. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ಮಾತ್ರ ಅದು ಗಾಡಿ. ಒಳಗಿನ ರಬ್ಬರ್ ಉಂಗುರಗಳು ಎಣ್ಣೆ ಕುಡಿದು ಊದಿಕೊಂಡವು. ಇರುವೆಗಳು ಅಟ್ಟದ ಕೊಬ್ಬರಿ ಬಿಟ್ಟು ಗಾಡಿಗೆ ಸಾಲು ಹಿಡಿದವು. ಬೀದಿಯ ನಾಯಿಯೊಂದು ದಿನಾ ಬಂದು ಹಿಂದಿನ ಎಡಚಕ್ರವನ್ನು ಮಾತ್ರ ನೆಕ್ಕಿ ಹೋಗುತ್ತಿತ್ತು. ಸೋರುತ್ತಿರುವುದು ಯಾವ ಶಾಕೆಂದು ನಮಗೆ ಗೊತ್ತಾದದ್ದು ಆ ನಾಯಿಯಿಂದ.

ಎರಡನೆಯ ಕಾರಣ ಇವರ ಅವಸರ. ಶಾಕಿಗೆ ಎಣ್ಣೆ ತುಂಬಿದ ಮೇಲೆ ಒಳಗಿನ ಗಾಳಿಗುಳ್ಳೆ ಮೇಲೆ ಬರುವವರೆಗೆ ಕಾಯಬೇಕು. ಹತ್ತು ನಿಮಿಷ. ಒಂದು ಗುಳ್ಳೆ ಉಳಿದರೂ ಗಾಡಿ ಒಂದು ಕಡೆ ಕುಂಟುತ್ತದೆ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗೆ ನೀರಿಂಗಿ ಕೊಬ್ಬರಿ ಲೊಡಲೊಡ ಅನ್ನುವ ತನಕ ವರ್ಷದ ಹತ್ತಿರ ಕಾಯುವ ಮನುಷ್ಯ ಇವರು. ಮಧ್ಯದಲ್ಲಿ ನಾನು ಒಂದು ಕಾಯಿ ಇಳಿಸಿಕೊಳ್ಳಲು ಹೋದರೆ ಬೈಯುತ್ತಿದ್ದರು. ಆದರೆ ಗುಳ್ಳೆಗೆ ಮೂರು ನಿಮಿಷ ಕಾಯಲಾರರು. “ಸಾಕು ಬುಡು, ಬಂತು” ಎಂದು ಮುಚ್ಚಳ ತಿರುಗಿಸಿಬಿಡುತ್ತಿದ್ದರು. ಕಡೆಗೆ ಆ ಕೆಲಸವೂ ನನಗೇ ಬಂತು. ಸಂಡಿಗೆ ಹಿಟ್ಟು ಕೂಡಿಸಿದವಳಿಗೆ ಗುಳ್ಳೆ ಹೊಸದಲ್ಲ. ಶಾಕಿನ ಕಡ್ಡಿಯನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತ, ಬೇಳೆ ಆರಿಸುತ್ತ, ಕಾಯುತ್ತಿದ್ದೆ.

ಇಂಥ ಮನುಷ್ಯ ಆ ಗುರುವಾರ ಸಂಜೆ ತಾವಾಗಿಯೇ ಎಣ್ಣೆ ತರಿಸುತ್ತೇನೆ ಎಂದದ್ದು ಎಷ್ಟು ದೊಡ್ಡ ಸೋಲು ಎಂದು ಈಗ ನಿಮಗೆ ಗೊತ್ತಾಗಿರಬೇಕು. ಮೂಗು ಮೊದಲು ಮುಟ್ಟುತ್ತದೆ ಎಂದರೆ ದಿಬ್ಬ ಬಿಡುವಾಗ ಹಿಂದಿನ ಸ್ಪ್ರಿಂಗು ಒದೆಯುತ್ತಿದೆ ಎಂದು ಅರ್ಥ, ಹಿಂದಕ್ಕೆ ಗಟ್ಟಿ ಎಣ್ಣೆ ಬೇಕು. ಇದನ್ನು ಅವರೇ ನನಗೆ ಹೇಳಿಕೊಟ್ಟಿದ್ದರು. ಅಂದರೆ ನಾನು ಹಾಲಿನ ಅವಸರಕ್ಕೆ ಬಾಯಿಗೆ ಬಂದದ್ದು ಹೇಳಿದೆ, ಅವರು ಎರಡು ವರ್ಷದ ಹಟ ಬಿಟ್ಟುಕೊಟ್ಟರು.

ಎಣ್ಣೆ ಬಂದದ್ದು ಅವರು ಹೋದ ಒಂಬತ್ತನೆಯ ದಿನ. ಮನೆ ತುಂಬ ನೆಂಟರು. ಅವರ ಫೋನು ನನ್ನ ಹತ್ತಿರವಿತ್ತು, ಅದಕ್ಕೇ ಕರೆ ಬಂತು. “ಗಂಗಾಧರಪ್ಪನವ್ರಿಗೆ ಪಾರ್ಸೆಲ್ಲು, ಇದಾರಾ?” ಎಂದು ಕೊರಿಯರ್ ಹುಡುಗ ಕೇಳಿದ. ತಂದುಕೊಡಪ್ಪ ಎಂದೆ. ಬೆಳ್ಳಗೆ ನೀರಿನಂಥ ಎರಡು ಪುಟ್ಟ ಸೀಸೆ, ಒಂದೊಂದರ ಮೇಲೆ ಒಂದೊಂದು ನಂಬರು. ನನ್ನ ನಾದಿನಿ ಬಂದು, ಏನೇ ಅದು ಎಂದಳು. ಎಣ್ಣೆ ಎಂದೆ. ಹೆಚ್ಚು ಹೇಳುವ ಶಕ್ತಿ ಇರಲಿಲ್ಲ.

ಹನ್ನೊಂದನೆಯ ದಿನ ಫೋಟೋದ ಮುಂದಿನ ದೀಪ ಹತ್ತುತ್ತಿಲ್ಲ ಎಂದು ಒಂದೇ ಗಲಾಟೆ. ಬತ್ತಿ ಕಪ್ಪಗಾಗುತ್ತದೆ, ಹೊಗೆ ಬರುತ್ತದೆ, ಆರುತ್ತದೆ. ಒಬ್ಬರು ಗಾಳಿ ಎಂದು ಕಿಟಕಿ ಹಾಕಿದರು. ಇನ್ನೊಬ್ಬರು ಜೀವಕ್ಕೆ ಏನೋ ಆಸೆ ಉಳಿದಿರಬೇಕು ಎಂದು ಕಣ್ಣೊರೆಸಿಕೊಂಡರು. ನಾನು ಹತ್ತಿರ ಹೋಗಿ ನೋಡಿದರೆ ದೀಪದ ಪಕ್ಕದಲ್ಲಿ ತೆಳು ನಂಬರಿನ ಸೀಸೆ, ಕಾಲುಭಾಗ ಖಾಲಿ.

“ಇದ್ಯಾಕೆ ಹಾಕ್ದೆ?” ಎಂದು ನಾದಿನಿಯನ್ನು ಕೇಳಿದೆ.

“ನೀನೇ ಎಣ್ಣೆ ಅಂದ್ಯಲ್ಲೇ. ವಾಸ್ನೆ ಇಲ್ಲ, ಬಣ್ಣ ಇಲ್ಲ, ದೇವ್ರಿಗೇ ಅಂತ ತರಿಸಿರ್ಬೇಕು ಅಂದ್ಕಂಡೆ.”

“ಅದು ಗಾಡಿ ಎಣ್ಣೆ ಕಣೇ. ಉರಿಯಲ್ಲ.”

“ಉರೀದಿರೋ ಎಣ್ಣೇನ ಯಾರಾದ್ರೂ ತರಿಸ್ತಾರಾ? ನಮ್ಮಣ್ಣ ಒಬ್ನೇ” ಎಂದವಳೇ ನಕ್ಕಳು. ನಗುತ್ತಲೇ ಅತ್ತಳು. ಆ ಹನ್ನೊಂದು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಜೀವಕ್ಕೆ ಆಸೆ ಉಳಿದಿದೆ ಎಂದವರು ಒಂದು ಲೆಕ್ಕದಲ್ಲಿ ಸರಿಯಾಗಿಯೇ ಹೇಳಿದ್ದರು.

ಸೀಸೆಗಳನ್ನು ನಾಲ್ಕು ತಿಂಗಳು ಮುಟ್ಟಲಿಲ್ಲ. ಶಾಕು ಬಿಚ್ಚಿದರೆ ಅವರು ಕೈಯಾರೆ ತುಂಬಿದ ಎಣ್ಣೆ ಚೆಲ್ಲಬೇಕು. ಬಿಚ್ಚದಿದ್ದರೆ ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಎಂದೂ ತಿಳಿಯುವುದಿಲ್ಲ. ಮೇ ತಿಂಗಳ ಒಂದು ಶುಕ್ರವಾರ, ಅಂಗಡಿಗೆ ರಜ ಇದ್ದ ಬಾಷಾ ನಮಾಜು ಮುಗಿಸಿಕೊಂಡು, ನನ್ನನ್ನು ಮಾತಾಡಿಸಲೆಂದು ಬಂದ. ಚಹಾ ಕೊಟ್ಟು ಗಾಡಿಯನ್ನೂ ಸೀಸೆಗಳನ್ನೂ ಅವನ ಮುಂದೆ ಇಟ್ಟೆ.

“ಹಿಂದಕ್ಕೆ ಯಾವ್ದಕ್ಕಾ?”

“ಗಟ್ಟಿ ನಂಬರು.”

“ಅಣ್ಣ ಹೇಳಿದ್ರಾ?”

ಆಗ ಅವನಿಗೆ ಎಲ್ಲ ಹೇಳಿದೆ. ಹಾಲು, ಧೂಳು, ಸುಳ್ಳು, ಎಲ್ಲ. ಹೇಳುವಾಗ ಅಳು ಬಂತು. ಬಾಷಾ ಸ್ಪ್ರಿಂಗು ಕಳಚುತ್ತ ತಲೆ ಎತ್ತಲಿಲ್ಲ.

“ಅಕ್ಕ, ಒಂದ್ ಮಾತ್ ಕೇಳ್ಲಾ? ಅಣ್ಣ ನೀವ್ ಹೇಳಿದ್ದನ್ನೆಲ್ಲ ನಂಬ್ತಿದ್ರು ಅಂದ್ಕಂಡಿದ್ದೀರಾ?”

“ಬರ್ಕೋತಿದ್ರಲ್ಲೋ.”

“ಬರ್ಕೋತಿದ್ರು. ಅಂಗ್ಡಿಗೆ ಬಂದು, ‘ಬಾಷಾ, ಒಲೆ ಮೇಲೆ ಏನಾದ್ರೂ ಇದ್ರೆ ನಮ್ಮವಳ ಮಾತಲ್ಲಿ ಅರ್ಧ ಕಳೀಬೇಕು’ ಅಂತಿದ್ರು.”

ಬಾಷಾ ಒಳ್ಳೆಯವನು. ಒಳ್ಳೆಯವರು ಇಂಥ ಹೊತ್ತಿನಲ್ಲಿ ಏನನ್ನಾದರೂ ಹೇಳುತ್ತಾರೆ, ಅದಕ್ಕೇ ಅವನ ಮುಖವನ್ನೇ ನೋಡಿದೆ. ಅವನು ಸ್ಪ್ರಿಂಗಿನ ಒಳಗೆ ಏನೋ ಹುಡುಕುತ್ತಿದ್ದ. ಹಳೆಯ ಎಣ್ಣೆಯನ್ನು ಒಂದು ತೆಂಗಿನ ಚಿಪ್ಪಿಗೆ ಬಗ್ಗಿಸಿದ. ಊದಿದ ಉಂಗುರ ತೆಗೆದು ಹೊಸದು ಹಾಕಿದ. ಹೊಸ ಎಣ್ಣೆ ತುಂಬಿ ಮುಚ್ಚಳ ಹಾಕಹೊರಟವನ ಕೈ ಹಿಡಿದು ನಿಲ್ಲಿಸಿ, ಗುಳ್ಳೆ ಬರಲಿ ಎಂದೆ. ಹತ್ತು ನಿಮಿಷ ಇಬ್ಬರೂ ಕುಳಿತು ಗುಳ್ಳೆ ನೋಡಿದೆವು. “ಇಷ್ಟೊತ್ತಿಗೆ ಒಂದ್ ಬೈಕಿಗೆ ಆಯಿಲ್ ಚೇಂಜ್ ಆಗೋದು” ಎಂದ. “ಬೈಕು ಹಾರಲ್ಲ” ಎಂದೆ.

ಓಡಿಸಲು ಅವನನ್ನೇ ನಿಲ್ಲಿಸಿದೆ. ನಾನು ದಿಬ್ಬದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಒಲೆ ಆರಿಸಿ, ಸಿಲಿಂಡರನ್ನೂ ಬಂದ್ ಮಾಡಿ ಬಂದಿದ್ದೆ. ಮೊದಲ ಸಲ ಗಾಡಿ ಹಲಗೆ ಬಿಟ್ಟೊಡನೆ ಬಾಷಾ ಹೆದರಿ ಬೆರಳು ತೆಗೆದ. ಗಾಳಿಯಲ್ಲಿ ಚಕ್ರ ನಿಂತರೆ ಮೂಗು ಬಗ್ಗುತ್ತದೆ. ಹಸು.

“ಬೆರಳು ಬುಡಬ್ಯಾಡ ಕಣಪ್ಪ. ಬೈಕ್ ಬುದ್ಧಿ ಇಲ್ಲಿ ತೋರಿಸ್ಬ್ಯಾಡ.”

“ಅಕ್ಕ, ಮುರಿದೋದ್ರೆ?”

“ನೀನ್ ರಿಪೇರಿಯೋನಲ್ವಾ? ಓಡ್ಸು.”

ಎರಡನೆಯ ಸಲ ಹೆದರಿಕೆ ಇನ್ನೊಂದು ಕಡೆಗೆ ತಿರುಗಿ ಬೆರಳನ್ನು ಪೂರ್ತಿ ಒತ್ತಿಬಿಟ್ಟ. ನಾಯಿ ಕುಂತಂಗೆ. ಕಾಂಪೌಂಡಿನ ಮೇಲೆ ಎರಡು ಕೋತಿಗಳು ಬಂದು ಕುಳಿತಿದ್ದವು, ಅವಕ್ಕೂ ಇದು ಸೇರಲಿಲ್ಲ. ಮೂರನೆಯ ಸಲ ಬಾಷಾನ ಬೆರಳು ಅಲ್ಲಾಡಲಿಲ್ಲ. ಗಾಡಿ ಹಲಗೆಯ ತುದಿಯಿಂದ ಎದ್ದಿತು. ನಾನು ರೆಪ್ಪೆ ಹೊಡೆಯಲಿಲ್ಲ. ಹಿಂಭಾಗ ಒದೆಯಲಿಲ್ಲ, ಮೂಗು ಬಗ್ಗಲಿಲ್ಲ. ನಾಲ್ಕು ಚಕ್ರವೂ ಒಟ್ಟಿಗೆ ಮಣ್ಣು ಮುಟ್ಟಿ, ಒಂದು ಸಲ ಕುಗ್ಗಿ, ಎದ್ದು, ಏನೂ ಆಗದ ಹಾಗೆ ತೋಟದ ಕಡೆ ಓಡಿತು.

“ಹೆಂಗಿಳೀತಕ್ಕಾ?”

“ಪಲ್ಲಕ್ಕಿ” ಎಂದೆ.

ಅವನಿಗೆ ಆ ಪದ ತಿಳಿಯಲಿಲ್ಲ, ಚೆನ್ನಾಗಿಳಿದಿದೆ ಎಂದು ಮಾತ್ರ ತಿಳಿದು ಸಮಾಧಾನದಿಂದ ರಿಮೋಟು ಕೊಟ್ಟು ಹೊರಟ. ನಾನು ಪುಸ್ತಕ ತಂದು ಅವರ ಕೊನೆಯ ಸಾಲಿನ ಕೆಳಗೆ ಬರೆಯೋಣವೆಂದು ತೆಗೆದೆ. ಗುರುವಾರದ ಸಾಲಿನಲ್ಲಿ ‘ಹಸು’ ಎಂದಿದೆ. ಅದರ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಇದೆ. ಅದು ನನ್ನ ಮಾತಿಗೆ ಹಾಕಿದ್ದೋ, ತರಿಸಬೇಕಾದ ಎಣ್ಣೆಯ ನಂಬರಿಗೆ ಹಾಕಿದ್ದೋ ತಿಳಿಯುವುದಿಲ್ಲ. ಎಣ್ಣೆಯಂತೂ ಸರಿಯಾಗಿದೆ. ಅವರು ಅದನ್ನು ನನ್ನ ಮಾತು ನಂಬಿ ತರಿಸಿದರೋ, ನಂಬದೆಯೇ ತರಿಸಿದರೋ ನನಗೆ ಇನ್ನೂ ಗೊತ್ತಿಲ್ಲ.